ಹಿಂದಿನ ಚಕ್ರದ ಮೀಟರು

ಸೆಪ್ಟೆಂಬರ್ 3, ಬುಧವಾರ

ಬೆಳಿಗ್ಗೆ ಗುಡಿಸುವಾಗ ಅಪ್ಪನ ಚಪ್ಪಲಿ ಮಗುಚಿ ಬಿದ್ದಿತ್ತು. ಬಲಗಾಲಿನದ್ದು ಹಿಮ್ಮಡಿಯ ಹತ್ತಿರ ಕಾಗದದಷ್ಟು ತೆಳು. ಎಡಗಾಲಿನದ್ದು ಈಗಷ್ಟೇ ಅಂಗಡಿಯಿಂದ ತಂದ ಹಾಗೆ, ಅಡಿಯ ಗೆರೆಗಳೂ ಅಳಿಸಿಲ್ಲ. ಜೂನಿನಲ್ಲಿ ಒಂದೇ ದಿನ ಕೊಂಡ ಜೋಡಿ.

ಅಂದರೆ ಎಡಗಾಲು ನೆಲ ಮುಟ್ಟುತ್ತದೆ, ಭಾರ ಹೊರುವುದಿಲ್ಲ. ನಿನ್ನೆ ತಾನೇ ಡಾಕ್ಟರ ಎದುರು "ಈಗ ಸರಿ ನಡೀತೇನೆ" ಅಂದಿದ್ದರು.

ಮೇ ತಿಂಗಳಲ್ಲಿ ಮೂಡುಬಿದಿರೆ ಸ್ಟ್ಯಾಂಡಿನಲ್ಲಿ, ಬಸ್ಸಿನ ಡ್ರೈವರ್ ಬಾಗಿಲಿನಿಂದ ಇಳಿಯುವಾಗ ಜಾರಿದ್ದು. ಮೊಣಕಾಲಿನ ಕೆಳಗೆ ಮುರಿದು ಪ್ಲೇಟ್ ಹಾಕಿದ್ದಾರೆ. ಎಡಗಾಲು ಎಂದರೆ ಕ್ಲಚ್ಚಿನ ಕಾಲು. ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ದಿನಕ್ಕೆ ನಾಲ್ಕು ಟ್ರಿಪ್. ಕ್ಲಚ್ ಎಷ್ಟು ಸಲ ಒತ್ತಬೇಕಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. "ಉಸಿರು ಎಷ್ಟು ಸಲ ಎಳೆದೆ ಅಂತ ಯಾರಾದ್ರೂ ಎಣಿಸ್ತಾರಾ ಮಗಾ" ಅಂದಿದ್ದರು.

ಬಸ್ಸು ಫರಂಗಿಪೇಟೆಯ ಝಕರಿಯಾ ಹಾಜಿಯವರದ್ದು. ಸದ್ಯಕ್ಕೆ ಬದಲಿ ಡ್ರೈವರ್ ಇದ್ದಾರೆ. ಸೀಟು ಇನ್ನೂ ಅಪ್ಪನದ್ದೇ. ಎಷ್ಟು ದಿನ ಎಂದು ಯಾರೂ ಹೇಳಿಲ್ಲ, ನಾವೂ ಕೇಳಿಲ್ಲ.

ಡಾಕ್ಟರು ಹೇಳಿದ್ದು — ದಿನಾ ನಿಂತಲ್ಲೇ ತುಳಿಯುವ ಸೈಕಲ್. ಬೆಳ್ತಂಗಡಿಯ ಫಿಸಿಯೋ ಕೋಣೆಗೆ ಅಪ್ಪ ಒಂದೇ ದಿನ ಹೋದದ್ದು. ಹಿಂದೆ ಹತ್ತು ವರ್ಷ ಬೆಳ್ತಂಗಡಿ ಲೈನಿನಲ್ಲಿ ಇದ್ದರಲ್ಲವೇ, ಗುರುತಿನವರು ಎಲ್ಲ ಕಡೆ. ಬೆನ್ನುನೋವಿಗೆ ಬಂದಿದ್ದ ಯಾರೋ ಹೇಳಿದರಂತೆ: "ಮುಂಡಪ್ಪಣ್ಣ, ಈ ಗಾಡಿ ಗುರುವಾಯನಕೆರೆಗೆ ಹೋಗ್ತದಾ? ಒಂದು ಟಿಕೆಟ್ ಕೊಡಿ." ಅಪ್ಪ ನಕ್ಕರಂತೆ. ಮತ್ತೆ ಆ ಕಡೆ ಹೋಗಲಿಲ್ಲ.

ಹಿಂದಿನ ಕೋಣೆಯಲ್ಲಿ ನನ್ನ ಹಳೆ ರೇಸ್ ಸೈಕಲ್ ಗೋಣಿ ಹೊದ್ದು ನಿಂತಿದೆ. ಮೂರು ವರ್ಷವಾಯಿತು.

ಸೆಪ್ಟೆಂಬರ್ 6, ಶನಿವಾರ

ಗೋಣಿ ತೆಗೆದೆ. ಚೈನಿಗೆ ತುಕ್ಕು. ಸೀಟಿನ ಅಡಿಯಲ್ಲಿ ಜೇಡನ ಸಂಸಾರ.

ಕಾಲೇಜಿನಲ್ಲಿ ಸೈಕ್ಲಿಂಗ್ ಟೀಮಿಗೆ ಹುಡುಗಿಯರು ಮೂರೇ ಜನ ಇದ್ದರು, ನಾಲ್ಕು ಬೇಕಿತ್ತು. ನಾನು ಉದ್ದ ಇದ್ದೆ. ಬೇಡ ಎನ್ನಲು ಬಾಯಿ ಬರಲಿಲ್ಲ, ಹಾಗೆ ಸೇರಿದ್ದು. ಮೂರು ವರ್ಷವೂ ನಾಲ್ವರಲ್ಲಿ ನಾಲ್ಕನೆಯವಳು. ಬಿಡುವಾಗ ಕೋಚ್ "ಇದನ್ನು ನೀನೇ ಇಟ್ಟುಕೋ" ಅಂದರು. ಬೇಡ ಎನ್ನಲು ಆಗಲೂ ಬಾಯಿ ಬರಲಿಲ್ಲ.

ಉಝ್ಮಾಳಿಗೆ ಮೆಸೇಜ್ ಹಾಕಿದೆ. ಆ ನಾಲ್ವರಲ್ಲಿ ಮೊದಲನೆಯವಳು ಅವಳೇ. ಈಗ ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋ. ಉತ್ತರ ವಾಯ್ಸ್ ಮೆಸೇಜಿನಲ್ಲಿ ಬಂತು, ಯಾವಾಗಲೂ ಹಾಗೆಯೇ: "ಹೊಸತು ಎಂತಕ್ಕೆ ಮಾರಾಯ್ತಿ? ನನ್ನ ಹತ್ರ ಹಳೆ ಟ್ರೈನರ್ ಉಂಟು. ಹಿಂದಿನ ಚಕ್ರವನ್ನು ಅದಕ್ಕೆ ಸಿಕ್ಕಿಸಿದ್ರೆ ಆಯ್ತು. ಸೈಕಲ್ ಅಲ್ಲೇ ನಿಲ್ತದೆ, ತುಳಿಯುವವರು ಬೆವರ್ತಾರೆ. ನಾಳೆ ಬಸ್ಸಿಗೆ ಹಾಕಿ ಕಳಿಸ್ತೇನೆ."

ಸೆಪ್ಟೆಂಬರ್ 8, ಸೋಮವಾರ

ಬಂಟ್ವಾಳ ಪೇಟೆಯ ನೋಣಯ್ಯಣ್ಣನ ಸೈಕಲ್ ಅಂಗಡಿಗೆ ಆಟೋದಲ್ಲಿ ಸೈಕಲನ್ನೂ ಟ್ರೈನರನ್ನೂ ಒಯ್ದೆ. ಕಬ್ಬಿಣದ ಎರಡು ಕಾಲು, ನಡುವೆ ಲಟ್ಟಣಿಗೆಯಂಥ ರೋಲರ್. ಹಿಂದಿನ ಟಯರ್ ಆ ರೋಲರಿಗೆ ಒತ್ತಿಕೊಂಡು ತಿರುಗಬೇಕು. ರೋಲರ್ ಹಗುರಾಗಿ ತಿರುಗುವುದಿಲ್ಲ, ಒಳಗೆ ಅಯಸ್ಕಾಂತ ಹಿಡಿಯುತ್ತದೆ. ಆ ಹಿಡಿತವೇ ವ್ಯಾಯಾಮ.

ನೋಣಯ್ಯಣ್ಣ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಇದು ಕುದುರೆ ಮಗಾ. ಇದನ್ನು ಗಾಣಕ್ಕೆ ಕಟ್ಟುದಾ?"

"ಅಪ್ಪನ ಕಾಲಿಗೆ" ಅಂದೆ. ಅಷ್ಟೇ ಹೊರಟದ್ದು.

"ಹಾಗೆ ಹೇಳು. ಹಾಗಾದ್ರೆ ಇದಕ್ಕೆ ಈ ಕೋಣನ ಕೊಂಬು ಬೇಡ."

ಕೆಳಗೆ ಬಾಗಿದ ರೇಸ್ ಹ್ಯಾಂಡಲ್ ಬಿಚ್ಚಿದರು. ಯಾವುದೋ ಹಳೆ ಸೈಕಲ್ಲಿನ ನೇರ ಹ್ಯಾಂಡಲ್ ತಂದು, ಸಡಿಲಾದಲ್ಲಿ ತಗಡಿನ ತುಂಡು ಸುತ್ತಿ ಬಿಗಿದರು. ಕತ್ತಿಯಂಥ ಸೀಟು ಹೋಗಿ ಅಗಲದ ಸೀಟು ಬಂತು. ಬ್ರೇಕಿನ ವಯರುಗಳನ್ನು ಎಳೆದು ಹಾಕಿದರು — "ಹೋಗದ ಗಾಡಿಗೆ ನಿಲ್ಲುವ ಕಷ್ಟ ಇಲ್ಲ." ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. ಬ್ಯಾಗಿಗೆ ಹಾಕಿದೆ. ಏನು ಮಾಡುವುದೆಂದು ಗೊತ್ತಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಚಾವಡಿಯಲ್ಲಿ ಕೂರಿಸಿದೆ. ಮುಂದಿನ ಚಕ್ರ ತಗ್ಗಾಯಿತು. ಊಟದ ಮಣೆ ಅಡಿಗಿಟ್ಟೆ, ಸಮ ಆಯಿತು.

ಅಪ್ಪನಿಗೆ ಚಡ್ಡಿ ಆಗದು. ಲುಂಗಿ ಚೈನಿಗೆ ಸಿಕ್ಕುತ್ತದೆ. ಕಡೆಗೆ ಡ್ಯೂಟಿಯ ಖಾಕಿ ಪ್ಯಾಂಟನ್ನೇ ಮಡಚಿ ಹತ್ತಿದರು. ಹೊರಗಿನವರಿಗೆ ಕಾಣದ ಹಾಗೆ ಕಿಟಕಿ ಮುಚ್ಚಿಸಿದರು. ಅಮ್ಮ ಎದುರಿಗೆ ನೆಲದಲ್ಲಿ ಮಡಿಲಲ್ಲಿ ಎಲೆಯ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

ತುಳಿದರು. ಹ್ಯಾಂಡಲಿನ ಮೇಲೆ ನಾನು ಕಾಲೇಜಿನಲ್ಲಿ ಹಾಕಿಸಿದ, ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ತೋರಿಸುವ ಪುಟ್ಟ ಮೀಟರ್. ಸೊನ್ನೆ ತೋರಿಸುತ್ತಿತ್ತು.

"ಐದು ನಿಮಿಷ ತುಳಿದು ಸೊನ್ನೆಯಾ?"

ಆಮೇಲೆ ಹೊಳೆಯಿತು — ಮೀಟರ್ ಲೆಕ್ಕ ಹಿಡಿಯುವುದು ಮುಂದಿನ ಚಕ್ರದ್ದು. ಮುಂದಿನ ಚಕ್ರ ಮಣೆಯ ಮೇಲೆ ಕೂತಿದೆ. ಸಂಜೆ ಅದನ್ನು ಬಿಚ್ಚಿ ಹಿಂದಿನ ಚಕ್ರಕ್ಕೆ ಕಟ್ಟಿದೆ. ವಯರು ಗಿಡ್ಡ, ಹ್ಯಾಂಡಲಿನವರೆಗೆ ಬರುವುದಿಲ್ಲ. ಸೀಟಿನ ಕೆಳಗೆ, ಹಿಂದಕ್ಕೆ ಮುಖ ಮಾಡಿ ಇಡಬೇಕಾಯಿತು. ಅಪ್ಪನಿಗೆ ಕಾಣುವುದಿಲ್ಲ. ನಾನು ಹಿಂದೆ ಸ್ಟೂಲ್ ಹಾಕಿ ಕೂತು ಓದಿ ಹೇಳಬೇಕು.

"ಅಪ್ಪ ಡ್ರೈವರು, ಮಗಳು ಕಂಡಕ್ಟರು" ಅಂದಳು ಅಮ್ಮ. "ನಾನೊಬ್ಬಳು ಪ್ಯಾಸೆಂಜರು."

ಕಂಡಕ್ಟರ್. ನಾನು. ಬಸ್ಸಿನಲ್ಲಿ "ಇಳಿಯಲಿಕ್ಕುಂಟು" ಎನ್ನಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದವಳು.

ಸೆಪ್ಟೆಂಬರ್ 14, ಭಾನುವಾರ

ಉಝ್ಮಾ ಬಂದಿದ್ದಳು. ಅಪ್ಪ ಎರಡೂ ಕಾಲಿನಲ್ಲಿ ತುಳಿಯುವುದನ್ನು ಎರಡು ನಿಮಿಷ ನೋಡಿದಳು.

"ಅಂಕಲ್, ನಿಮ್ಮ ಬಲಗಾಲು ಕಳ್ಳ."

"ಯಾಕೆ ಮಗಾ?"

"ಕೆಲಸ ಎಲ್ಲ ಅದೇ ಮಾಡ್ತದೆ, ಹಾಜರಿ ಎಡಗಾಲಿಗೆ ಹಾಕ್ತದೆ. ಬಲಗಾಲನ್ನು ಸ್ಟೂಲಿನ ಮೇಲಿಡಿ. ಎಡ ಒಂದೇ ತುಳಿಯಲಿ."

ಟ್ಯೂಬಿನ ಪಟ್ಟಿಯಿಂದ ಎಡ ಪಾದವನ್ನು ಪೆಡಲಿಗೆ ಕಟ್ಟಿದಳು. ಗುರಿ ಅವಳೇ ಇಟ್ಟಳು: ಎಡಗಾಲು ಒಂದರಲ್ಲೇ ಹತ್ತು ನಿಮಿಷ, ಮೀಟರ್ ಹದಿನೈದಕ್ಕಿಂತ ಕೆಳಗೆ ಬರಬಾರದು. "ಅಷ್ಟಾದ್ರೆ ಡಾಕ್ಟರ ಹತ್ರ ಹೋಗುವ, ಕ್ಲಚ್ಚಿನ ಮಾತೆತ್ತುವ. ಅದಕ್ಕೆ ಮೊದಲು ಬಸ್ಸಿನ ಮೆಟ್ಟಿಲು ಹತ್ತುದು ಪ್ಯಾಸೆಂಜರಾಗಿ ಮಾತ್ರ."

ಇವತ್ತು: ಎರಡು ನಿಮಿಷ. ಎಂಟು.

ಇಳಿದಾಗ ಕಾಲು ನಡುಗುತ್ತಿತ್ತು. ಖಾಕಿಯ ಮೇಲೆಯೇ ಕಾಣುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

ಸೆಪ್ಟೆಂಬರ್ 21, ಭಾನುವಾರ

ಅಪ್ಪ ನಿಮಿಷ ಎಣಿಸುವುದಿಲ್ಲ. ಕಣ್ಣು ಮುಚ್ಚಿ ಮೂಡುಬಿದಿರೆ ಲೈನು ಓಡಿಸುತ್ತಾರೆ. "ಲೊರೆಟ್ಟೊ ಪದವು ಆಯ್ತು... ಇನ್ನು ತಿರುವು... ರಾಯಿ." ರಾಯಿಯ ಏರು ಬಂದಾಗ ಬಾಯಿ ಬಿಗಿಯಾಗುತ್ತದೆ, ಹಲ್ಲು ಕಚ್ಚುತ್ತಾರೆ. ಗೇರ್ ಬದಲಿಸುವ ಹಾಗೆ ಎಡಗೈ ತಾನಾಗಿ ಆಡುತ್ತದೆ.

"ಎಲ್ಲಿಗೆ ಬಂತು?" ಅಮ್ಮ.

"ಸಿದ್ಧಕಟ್ಟೆ ಕಾಣ್ತಾ ಉಂಟು. ಮುಟ್ಟಲಿಲ್ಲ."

"ಮುಟ್ಟಿದ್ರೆ ಒಂದು ಕಟ್ಟು ಬಸಳೆ ತನ್ನಿ."

ನಾಲ್ಕು ನಿಮಿಷ. ಒಂಬತ್ತು.

ಪ್ರೆಸ್ಸಿನಿಂದ ಪ್ರೂಫ್ ಬಂದು ಬಿದ್ದಿದೆ. ಎಂ.ಎ. ಮುಗಿಸಿ ಒಂದು ವರ್ಷ ಇದನ್ನೇ ಮಾಡುತ್ತಿದ್ದೇನೆ, ಬೇರೆಯವರ ತಪ್ಪು ತಿದ್ದುವುದು. ಮಾತಾಡಬೇಕಾಗಿಲ್ಲ, ಬದಿಯಲ್ಲಿ ಗೀಟು ಎಳೆದರೆ ಸಾಕು. ಈಗ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣು ಮೀಟರಿನಲ್ಲಿ, ಒಂದು ಕಣ್ಣು ಪ್ರೂಫಿನಲ್ಲಿ.

ಸೆಪ್ಟೆಂಬರ್ 28, ಭಾನುವಾರ

ಐದು ನಿಮಿಷ. ಹತ್ತು.

ಮಧ್ಯಾಹ್ನ ಹಾಜಿಯವರ ಫೋನ್. ಅಪ್ಪ ಸ್ಪೀಕರ್ ಹಾಕಿದ್ದರು. ಬದಲಿ ಡ್ರೈವರಿಗೆ ಮಸ್ಕತ್ತಿನ ವೀಸಾ ಆಗಿದೆ, ಮುಂದಿನ ತಿಂಗಳು ಹೊರಡುತ್ತಾರಂತೆ. "ಮುಂಡಪ್ಪ, ಅವಸರ ಮಾಡಬೇಡ. ಆದ್ರೆ ಹತ್ತನೇ ತಾರೀಕಿನೊಳಗೆ ನನಗೊಂದು ಮಾತು ಹೇಳು. ವೇಣೂರಿನವನೊಬ್ಬ ಸೀಟು ಕೇಳ್ತಾ ಇದ್ದಾನೆ. ಬಂದವನನ್ನು ಮತ್ತೆ ಇಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಹೇಳ್ತೇನೆ ಹಾಜಿಯವರೇ."

ಫೋನಿಟ್ಟು ತಿರುಗಿ ಸೈಕಲ್ ಹತ್ತಿದರು. ಎರಡನೇ ಸಲ. ಬೇಡ ಎಂದು ಅಮ್ಮ ಹೇಳಿದಳು. ನಾನು ಹೇಳಲಿಲ್ಲ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಬೆಳಿಗ್ಗೆ ಅಪ್ಪ ಬಿ.ಸಿ.ರೋಡಿಗೆ ಹೋದರು, ಹಾಜಿಯವರ ಬಸ್ಸಿನ ಪೂಜೆಗೆ. ಪೂಜೆಯ ಖರ್ಚು, ಹೂವು, ಎಲ್ಲ ಪ್ರತಿವರ್ಷ ಹಾಜಿಯವರದ್ದೇ. ಬದಿಯಲ್ಲಿ ನಿಂತು ನೋಡುತ್ತಾರೆ, ಮುಗಿದ ಮೇಲೆ ಅವಲಕ್ಕಿ ಪಂಚಕಜ್ಜಾಯ ಕೇಳಿ ತಿನ್ನುತ್ತಾರೆ.

ಬಂದವರೇ ನಮ್ಮ ಸೈಕಲಿಗೂ ಶುರು ಮಾಡಿದರು. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ತೊಳೆದು, ಒರೆಸಿ, ಕುಂಕುಮ, ಅಡಿಕೆಯ ಹಿಂಗಾರ, ಹ್ಯಾಂಡಲಿಗೆ ಸೇವಂತಿಗೆ ಮಾಲೆ. ಟಯರ್ ಕೂಡ ಕಪ್ಪಗೆ ಹೊಳೆಯುತ್ತಿತ್ತು, ಹೊಸ ಬಸ್ಸಿನದ್ದರ ಹಾಗೆ. ಬಹಳ ಚಂದ ಕಂಡಿತು.

ಅಪ್ಪ ಮುಂದಿನ ಚಕ್ರದ ಅಡಿಗೆ ನಿಂಬೆಹಣ್ಣು ಇಡಲು ಬಗ್ಗಿದರು.

"ಅದನ್ನಿಲ್ಲಿ ಕೊಡಿ" ಅಮ್ಮ ಕೈಚಾಚಿದಳು. "ಈ ಗಾಡಿ ಮುಂದೆ ಹೋಗಿ ನಿಂಬೆ ಒಡೆಯುವಾಗ ನನಗೆ ಎಪ್ಪತ್ತು ಆಗ್ತದೆ. ಶರಬತ್ತಾದ್ರೂ ಮಾಡ್ತೇನೆ."

ಅಪ್ಪ ನಕ್ಕರು. ಮೇ ತಿಂಗಳ ನಂತರ ಅಷ್ಟು ಜೋರಾಗಿ ನಕ್ಕದ್ದು ಇವತ್ತೇ.

ಅಕ್ಟೋಬರ್ 3, ಶುಕ್ರವಾರ

ಹತ್ತು ನಿಮಿಷ. ಹದಿನೆಂಟು.

ಎರಡು ಸಲ ಕಣ್ಣುಜ್ಜಿ ಓದಿದೆ. ಹದಿನೆಂಟು. ಹತ್ತೊಂಬತ್ತು. ಮತ್ತೆ ಹದಿನೆಂಟು. ಅಪ್ಪ ಸಿದ್ಧಕಟ್ಟೆ ದಾಟಿ, ಸಂಗಬೆಟ್ಟು ದಾಟಿ, ಮೂಡುಬಿದಿರೆ ಸ್ಟ್ಯಾಂಡಿಗೆ ಬಂದು ನಿಲ್ಲಿಸಿದರು. "ದಸರಾದಲ್ಲಿ ಎರಡು ದಿನ ರೆಸ್ಟ್ ಸಿಕ್ಕಿತಲ್ಲ, ಕಾಲಿಗೆ ಅದೇ ಬೇಕಿತ್ತು" ಅಂದರು. ಅಮ್ಮ ಬೀಡಿ ಬದಿಗಿಟ್ಟು ಎದ್ದು ಗೋಳಿಬಜೆ ಮಾಡಿದಳು.

ಉಝ್ಮಾಳಿಗೆ ಬರೆದೆ. ಇನ್ನೂ ನೋಡಿಲ್ಲ ಅವಳು.

ಅಕ್ಟೋಬರ್ 5, ಭಾನುವಾರ, ಮಧ್ಯಾಹ್ನ

ಉಝ್ಮಾಳ ಉತ್ತರ ಬೆಳಿಗ್ಗೆ ಬಂತು. "ಒಂದು ವಾರದೊಳಗೆ ಹತ್ತರಿಂದ ಹದಿನೆಂಟಾ? ಸ್ನಾಯು ಹಾಗೆಲ್ಲ ಬೆಳೆಯುದಿಲ್ಲ ಸುರಕ್ಷಾ. ಅಂಕಲ್‌ನ ಕಾಲು ನೋಡಬೇಡ, ಸೈಕಲ್ ನೋಡು."

ಅಪ್ಪ ಕ್ಷೌರಕ್ಕೆ ಹೋಗಿದ್ದರು. ಪೆಡಲನ್ನು ಕೈಯಲ್ಲಿ ತಿರುಗಿಸಿದೆ. ಚಕ್ರ ಗಿರ್ರೆಂದು ಓಡಿತು. ರೋಲರ್ ಮಾತ್ರ ಮೆಲ್ಲಗೆ, ಬೇಕೋ ಬೇಡವೋ ಎಂಬಂತೆ. ಮೊದಲಿದ್ದ ಗುಂಯ್ ಸದ್ದೇ ಇಲ್ಲ. ಮೂಗಿಗೆ ಹಪ್ಪಳ ಕರಿದ ವಾಸನೆ. ಟಯರಿಗೆ ಬೆರಳು ತಾಗಿಸಿದೆ.

ತೆಂಗಿನೆಣ್ಣೆ.

ಪೂಜೆಯ ದಿನ ಬಸ್ಸಿನವರು ಟಯರಿಗೆ ಎಣ್ಣೆ ಒರೆಸಿ ಕಪ್ಪು ಮಾಡುತ್ತಾರಲ್ಲ. ಮೂವತ್ತು ವರ್ಷದ ಅಭ್ಯಾಸ. ಟಯರ್ ರೋಲರಿನ ಮೇಲೆ ಜಾರುತ್ತಿದೆ. ಮೀಟರ್ ಹಿಡಿಯುವುದು ಚಕ್ರದ ಲೆಕ್ಕ, ಅದು ಓಡಿದ್ದನ್ನೇ ತೋರಿಸಿದೆ. ಮೀಟರ್ ಸುಳ್ಳು ಹೇಳಿಲ್ಲ. ಕಾಲು ಕೂಡ ಹೇಳಿಲ್ಲ.

ಪಾತ್ರೆ ತೊಳೆಯುವ ಸೋಪಿನಿಂದ ಟಯರ್ ಉಜ್ಜಿದೆ, ರೋಲರನ್ನೂ. ಅಪ್ಪ ಬರುವ ಮೊದಲು ಒಣಗಿತು. ಹೇಳುವುದು ಬೇಡ, ಮೀಟರೇ ಹೇಳಲಿ ಎಂದುಕೊಂಡೆ.

ಸಂಜೆ 6.30

ಹತ್ತಿದರು. ಗುಂಯ್ ಸದ್ದು ವಾಪಸ್ ಬಂತು. ಒಂದು ನಿಮಿಷಕ್ಕೆ ಕತ್ತಿನ ನರ ಎದ್ದಿತು. ಬಿಡಲಿಲ್ಲ. ನಿಧಾನವಾಗಿ ಹತ್ತು ನಿಮಿಷವೂ ತುಳಿದರು.

"ಎಷ್ಟು?"

ಒಂಬತ್ತು.

"ಎಷ್ಟು ಮಗಾ?"

"ಹದಿನಾರು" ಅಂದೆ.

ಅಕ್ಟೋಬರ್ 6, ಸೋಮವಾರ

ಹದಿನಾರು ಅಂದೆ.

ಅಕ್ಟೋಬರ್ 9, ಗುರುವಾರ

ಎರಡು ದಿನ ಬರೆಯಲಿಲ್ಲ. ಬರೆದರೆ ಎರಡು ಸಂಖ್ಯೆ ಬರೆಯಬೇಕು. ನಿಜದ್ದೊಂದು, ಹೇಳಿದ್ದೊಂದು.

ಇವತ್ತು ತುಳಿದು ಇಳಿದ ಮೇಲೆ ಅಪ್ಪ ಬಹಳ ಹೊತ್ತು ಕೂತಿದ್ದರು. ಎಡ ಮೀನಖಂಡವನ್ನು ಒತ್ತಿ ನೋಡಿಕೊಂಡರು, ಮಾವಿನಹಣ್ಣು ಒತ್ತಿ ನೋಡುವ ಹಾಗೆ. "ಮೀಟರಿಗೆ ಗೊತ್ತಾದದ್ದು ಕಾಲಿಗೆ ಗೊತ್ತಾಗುದಿಲ್ಲ" ಅಂದರು. "ಅಷ್ಟು ಭಾರ ಆಗ್ತದೆ. ಆದ್ರೆ ಹದಿನಾರು ಅಂದ್ರೆ ಹದಿನಾರು. ಅಲ್ವಾ?"

ತಲೆಯಾಡಿಸಿದೆ. ಬೆನ್ನು ಹಾಕಿದ್ದರು, ಕಂಡಿರಲಿಕ್ಕಿಲ್ಲ.

ಆಮೇಲೆ, ಡಾಕ್ಟರನ್ನೂ ಕೇಳದೆ, ಫೋನ್ ತೆಗೆದರು. ನನ್ನ ಎದುರಿಗೇ. "ಹಾಜಿಯವರೇ, ಮುಂಡಪ್ಪ. ಸೋಮವಾರ ಫಸ್ಟ್ ಟ್ರಿಪ್ಪಿಗೆ ಬರ್ತೇನೆ."

ಫಸ್ಟ್ ಟ್ರಿಪ್. ಅದರಲ್ಲೇ ಐದು ವರ್ಷ ಹೋಗಿದ್ದೇನೆ. ಕಾಲೇಜಿನ ಮಕ್ಕಳೇ ತುಂಬಿರುತ್ತಾರೆ, ಬಾಗಿಲಿನವರೆಗೆ. ರಾಯಿ ಏರಿನಲ್ಲಿ ಎದುರಿಗೆ ಟಿಪ್ಪರ್ ಬಂದರೆ ಬಸ್ಸು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಕ್ಲಚ್ಚಿನಲ್ಲಿ ಹಿಡಿಯಬೇಕು. ಆ ಕಾಲು ಹಿಡಿಯುತ್ತದಾ?

ಹಿಡಿಯುವುದಿಲ್ಲ. ನನಗೆ ಗೊತ್ತು. ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು.

ಅಕ್ಟೋಬರ್ 11, ಶನಿವಾರ

ಹೇಳಿದೆ.

ಬೆಳಿಗ್ಗೆ ಹತ್ತಿ ಕೂತಾಗ, ಪಟ್ಟಿ ಕಟ್ಟುತ್ತಾ, ಪೆಡಲಿನ ಹತ್ತಿರ ಬಗ್ಗಿಕೊಂಡೇ ಹೇಳಿದೆ. ಮುಖ ನೋಡಿದರೆ ಆಗುತ್ತಿರಲಿಲ್ಲ. ಎಣ್ಣೆಯದ್ದು ಮೊದಲು. ಹದಿನಾರರದ್ದು ಆಮೇಲೆ. ಎರಡನೆಯದಕ್ಕೆ ಸ್ವರ ಹೊರಡಲಿಲ್ಲ, ತಿರುಗಿ ಹೇಳಬೇಕಾಯಿತು.

ಅಮ್ಮನ ಕತ್ತರಿ ನಿಂತಿತು.

ಅಪ್ಪ ಎದುರಿನ ಗೋಡೆ ನೋಡುತ್ತಿದ್ದರು. "ಎಣ್ಣೆ ಹಾಕಿದ್ದು ನಾನೇ" ಅಂದರು ಕಡೆಗೆ. "ಬ್ರೇಕಿನ ಡ್ರಮ್ಮಿಗೆ ಒಂದು ಹನಿ ಎಣ್ಣೆ ಬಿದ್ರೆ ಎಂತಾಗ್ತದೆ ಅಂತ ಎಷ್ಟು ಕ್ಲೀನರುಗಳಿಗೆ ಪಾಠ ಮಾಡಿದ್ದೇನೆ." ಆಮೇಲೆ, "ನಿಜ ಎಷ್ಟು?"

"ನಿನ್ನೆ ಹನ್ನೊಂದು."

"ಹತ್ತು ನಿಮಿಷ?"

"ಹತ್ತು ನಿಮಿಷ."

"ಮೊದಲ ದಿನ?"

"ಎರಡು ನಿಮಿಷ. ಎಂಟು."

"ಹಾಗಾದ್ರೆ ಕಾಲು ಹಾಳಾಗಲಿಲ್ಲ." ಮೀನಖಂಡದ ಮೇಲೆ ಕೈ ಇಟ್ಟರು. "ನಾನು ಐದಾರು ದಿನದಿಂದ ಒಳಗೆ ಪ್ಲೇಟ್ ಸಡಿಲ ಆಗಿದೆ ಅಂತ ಎಣಿಸಿದ್ದೆ ಮಾರಾಯ್ತಿ. ಹೇಳ್ಲಿಕ್ಕೆ ಹೆದರಿ ಕೂತಿದ್ದೆ."

ಅವರೂ ಹೆದರಿ ಕೂತಿದ್ದರು. ನಾನೂ. ಐದಾರು ದಿನ, ಒಂದೇ ಸೈಕಲ್ಲಿನ ಹಿಂದೆ ಮುಂದೆ.

ಎಲ್ಲ ಸರಿಯಾಯಿತು ಎಂದುಕೊಂಡೆ. ಆಗ ಅಮ್ಮ ಕೇಳಿದಳು, "ಮತ್ತೆ ಸೋಮವಾರ?"

"ಹೋಗ್ತೇನೆ."

"ಹನ್ನೊಂದರಲ್ಲಿ?"

"ಮಾತು ಕೊಟ್ಟಾಗಿದೆ. ಮೂವತ್ತು ವರ್ಷದಲ್ಲಿ ಬರ್ತೇನೆ ಅಂತ ಹೇಳಿ ಬಾರದೆ ಇದ್ದದ್ದಿಲ್ಲ. ಈಗ ಫೋನ್ ಮಾಡಿ, ಹಾಜಿಯವರೇ, ನಾನು ಟಯರಿಗೆ ಎಣ್ಣೆ ಒರೆಸಿದೆ ಅಂತ ಹೇಳುದಾ? ವೇಣೂರಿನವ ನಾಳೆಯೇ ಬಂದು ಕೂರ್ತಾನೆ."

"ಬಸ್ಸಿನಲ್ಲಿರುವ ಮಕ್ಕಳಿಗೂ ಅಪ್ಪ-ಅಮ್ಮ ಇದ್ದಾರೆ" ಅಂದಳು ಅಮ್ಮ. ಅಷ್ಟೇ. ಎಲೆ ಕತ್ತರಿಸಲು ತಿರುಗಿ ಶುರು ಮಾಡಿದಳು.

ಅಪ್ಪ ತುಳಿಯಲಿಲ್ಲ. ಇಳಿದು, ಪಟ್ಟಿಯನ್ನು ಮಡಚಿ ಸೀಟಿನ ಮೇಲಿಟ್ಟು ಅಂಗಳಕ್ಕೆ ಹೋದರು.

ಸಂಜೆ

ಉಝ್ಮಾ ಫೋನಿನಲ್ಲಿ ಪೂರ್ತಿ ಕೇಳಿದಳು. ಬೈಯಲಿಲ್ಲ. "ಇದೇ ಲೆಕ್ಕದಲ್ಲಿ ಹೋದ್ರೆ ಹದಿನೈದಕ್ಕೆ ಇನ್ನೊಂದು ತಿಂಗಳು ಸಾಕು. ಒಂದೂವರೆ ಅಂತ ಇಟ್ಟುಕೋ. ಕಾಲು ಬರ್ತದೆ, ನಾನು ನೋಡಿದ್ದೇನಲ್ಲ. ಆದ್ರೆ ನಾಡಿದ್ದಲ್ಲ. ಅಂಕಲ್ ಹಾಜಿಗೆ ಹೇಳ್ತಾರಾ?"

"ಇಲ್ಲ."

"ಆಂಟಿ?"

"ಅಪ್ಪನನ್ನು ಮೀರಿ ಹೇಳುದಿಲ್ಲ."

ಅವಳು ಮತ್ತೆ ಯಾರ ಹೆಸರನ್ನೂ ಹೇಳಲಿಲ್ಲ. ಉಳಿದದ್ದು ನಾನೊಬ್ಬಳು.

ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ 6.10

ಅಂಗಳದಲ್ಲಿ ತಂತಿಯ ಮೇಲೆ ಖಾಕಿ ಶರ್ಟು. ನಿನ್ನೆ ಸಂಜೆ ಅಪ್ಪನೇ ಒಗೆದು ಹಾಕಿದ್ದು. ನಾಳೆಗೆ.

ರಾತ್ರಿ ಯೋಚಿಸಿ ಯೋಚಿಸಿ ಒಂದು ವಿಷಯ ಸ್ಪಷ್ಟವಾಯಿತು. ಅಪ್ಪ ಹಾಜಿಯವರಿಗೆ ಕೊಟ್ಟ ಮಾತು ಅಪ್ಪನದ್ದಲ್ಲ. ನಾನು ಹೇಳಿದ ಹದಿನಾರರ ಮೇಲೆ ನಿಂತ ಮಾತು ಅದು. ಹಾಗಾಗಿ ಹಿಂದಕ್ಕೆ ಪಡೆಯಬೇಕಾದವಳು ನಾನು. ಅಪ್ಪ ಮಾತಿಗೆ ತಪ್ಪಿದ ಹಾಗೂ ಆಗುವುದಿಲ್ಲ.

ಫೋನ್ ಬೇಡ. ಫೋನಿನಲ್ಲಿ ನನ್ನ ಸ್ವರ ಹೊರಡುವಷ್ಟರಲ್ಲಿ "ಯಾರು? ಕೇಳುದಿಲ್ಲ" ಅಂತ ಇಟ್ಟುಬಿಡುತ್ತಾರೆ. ಎದುರಿಗೆ ಹೋಗಿ ನಿಂತರೆ ಅವರು ಕಾಯಲೇಬೇಕು. ಆರೂ ಮುಕ್ಕಾಲಕ್ಕೆ ಬಿ.ಸಿ.ರೋಡ್ ಬಸ್ಸುಂಟು. ಅಲ್ಲಿಂದ ಫರಂಗಿಪೇಟೆ ಹದಿನೈದು ನಿಮಿಷ. ಮನೆ ಗೊತ್ತು, ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿಯುವಲ್ಲಿ ಹಸಿರು ಗೇಟು.

ಹೇಳಬೇಕಾದ್ದು ಬರೆದು ನೋಡಿದೆ. ಒಂದು ಪುಟ ಆಯಿತು. ಹೊಡೆದು ಹಾಕಿದೆ. ತಿರುಗಿ ಬರೆದೆ, ಅರ್ಧ ಪುಟ. ಅದನ್ನೂ ಹೊಡೆದೆ. ಉಳಿದದ್ದು ಇಷ್ಟು: ಮೀಟರ್ ನಾನು ಸುಳ್ಳು ಓದಿದೆ. ನಿಜ ಹನ್ನೊಂದು, ಹದಿನೈದು ಆಗಬೇಕು. ಒಂದೂವರೆ ತಿಂಗಳು ಸೀಟು ಇಡಿ.

ಆಗದು ಅಂದರೆ? ಆಗದು ಅಂದರೆ ಆಗದು. ವೇಣೂರಿನವರು ಬಂದು ಕೂರುತ್ತಾರೆ, ಅಪ್ಪ ಹದಿನೈದು ಮುಟ್ಟಿದ ಮೇಲೆ ಬೇರೆ ಬಸ್ಸು ಹುಡುಕುವುದು. ಕಾಲು ಹೇಗೂ ಬರುತ್ತಾ ಉಂಟು. ಅದು ನಿಂತಿಲ್ಲ.

ಅಮ್ಮ ಎದ್ದಿದ್ದಾಳೆ. ನಾನು ಚೂಡಿದಾರ್ ಹಾಕಿಕೊಂಡದ್ದು ನೋಡಿದಳು. ಏನೂ ಕೇಳದೆ ಚಾ ಇಟ್ಟಳು, ಒಂದೇ ಲೋಟ.

ಈಗ ಅಪ್ಪನ ಕೋಣೆಯ ಬಾಗಿಲು. ಒಂದು ಹೆಜ್ಜೆ ಜೋರು, ಒಂದು ಮೆಲ್ಲಗೆ. ಈ ಕಡೆಗೇ ಬರುತ್ತಿದ್ದಾರೆ. ಎಲ್ಲಿಗೆ ಅಂತ ಕೇಳಿದರೆ ನಿಜ ಹೇಳಿಯೇ ಹೊರಡುವುದು. ಬೇಡ ಅಂದರೂ ಹೋಗುವುದು.